ಪಾಠಶಾಲೆಯ ದಾದಿ: ಒಂದು ಕಾಯಕದ ಚರಿತ್ರೆ

ಅನ್ನದಾಸೋಹ, ವಿದ್ಯಾದಾಸೋಹ ಎಂಬ ಎರಡು ವ್ರತಗಳನ್ನು ಕನ್ನಡ ನಾಡಿನ ಮಠಗಳು ಬಹುಕಾಲದಿಂದ ನಡೆಯಿಸಿಕೊಂಡು ಬಂದಿರುವವು. ದೂರದ ಹಳ್ಳಿಗಳಿಂದ ಬಟ್ಟೆಯ ಗಂಟನ್ನು ಹೆಗಲಿಗೆ ಹಾಕಿಕೊಂಡು ಬಂದ ಬಡವರ ಮಕ್ಕಳಿಗೆ ಪ್ರಸಾದನಿಲಯದಲ್ಲಿ ಎರಡು ಹೊತ್ತಿನ ಪ್ರಸಾದವೂ, ಪಾಠಶಾಲೆಯಲ್ಲಿ ನಾಲ್ಕು ಅಕ್ಷರವೂ ದೊರೆತುದರ ಫಲವನ್ನು ಸದ್ಭಕ್ತರು ಕಣ್ಣಾರೆ ಕಂಡಿರುವರು. ಆದರೆ ಹಾಗೆ ಬಂದ ಮಗುವಿನ ಬೆರಳ ಸಂದಿಯಲ್ಲಿ ಕಜ್ಜಿಯಿದ್ದರೆ, ತಲೆಯಲ್ಲಿ ಹುಣ್ಣಿದ್ದರೆ, ಕಣ್ಣು ಕೆಂಪಡರಿ ಪಿಚ್ಚು ಕಟ್ಟಿದ್ದರೆ ಅದರ ಗತಿಯೇನು? ಪಂಕ್ತಿಯಲ್ಲಿ ಕೂಡಿಸಿಕೊಂಡರೆ ಪಕ್ಕದ ಮಗುವಿಗೂ ರೋಗವು ಹತ್ತುವದು. ಹೊರಗೆ ಕಳಿಸಿದರೆ ಆ ಮಗುವು ವಿದ್ಯೆಗೇ ಎರವಾಗುವದು. ಶಾಲೆಗಳನ್ನು ಎಲ್ಲರಿಗೂ ತೆರೆದ ಪ್ರತಿಯೊಂದು ನಾಡಿನಲ್ಲಿಯೂ ಈ ಇಕ್ಕಟ್ಟು ಎದುರಾಗಿರುವದು. ಇದನ್ನು ಬಿಡಿಸುವದಕ್ಕಾಗಿಯೇ ಹುಟ್ಟಿದ ಕಾಯಕವೊಂದುಂಟು. ಅದೇ ಶಾಲೆಯ ದಾದಿಯ ಕಾಯಕ.

ಕಾಯಕಕ್ಕೆ ದೇಶಭೇದವಿಲ್ಲ. ಕಲ್ಯಾಣದ ಶರಣರಲ್ಲಿ ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ವೈದ್ಯ ಸಂಗಣ್ಣ ಮೊದಲಾದವರ ಹೆಸರುಗಳ ಹಿಂದೆ ಅವರವರ ಕಾಯಕವೇ ಬಿರುದಾಗಿ ನಿಂತಿರುವದು. ಮತ್ತೊಬ್ಬರ ಮೈಲಿಗೆಯನ್ನು ತೊಳೆಯುವದೂ, ಮತ್ತೊಬ್ಬರ ವ್ರಣಕ್ಕೆ ಮದ್ದು ಹಚ್ಚುವದೂ ಅಲ್ಲಿ ಕೀಳೆನಿಸಲಿಲ್ಲ. ಆದ್ದರಿಂದ ಲಂಡನ್ ಮತ್ತು ನ್ಯೂಯಾರ್ಕ್ ಎಂಬ ದೂರದ ಎರಡು ಪಟ್ಟಣಗಳಲ್ಲಿ ಹುಟ್ಟಿದ ಈ ಕಾಯಕದ ಕಥೆಯು ಶರಣಮಾರ್ಗದವರಿಗೆ ಪರಕೀಯವೆಂದು ತೋರಲಾರದು.

ಮೊದಲಿಗೆ ಇಂಗ್ಲಂಡಿನ ಸಂಗತಿ. ಅಲ್ಲಿ ೧೮೭೦ರ ಶಿಕ್ಷಣ ಶಾಸನವು ಊರೂರಿಗೆ ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತು. ೧೮೮೦ರ ಶಾಸನವು ಮಕ್ಕಳು ಶಾಲೆಗೆ ಬರುವದನ್ನು ಕಡ್ಡಾಯವಾಗಿಸಿತು. ಅದುವರೆಗೆ ಓಣಿಗಳಲ್ಲಿ, ಕೆಲಸದ ಮನೆಗಳಲ್ಲಿ ಅಡಗಿದ್ದ ಬಡತನವು ಆಗ ಸಾಲಾಗಿ ಬಂದು ಮಣೆಗಳ ಮೇಲೆ ಕುಳಿತುಕೊಂಡಿತು. ಹಸಿದ ಮಕ್ಕಳು, ಹೇನು ತುಂಬಿದ ತಲೆಗಳು, ಕೀವು ಸೋರುವ ಕಿವಿಗಳು ಉಪಾಧ್ಯಾಯರ ಕಣ್ಣಿಗೆ ಬಿದ್ದವು. ಕಲಿಸುವದಕ್ಕೆ ಬಂದವರು ಇದಕ್ಕೆ ಏನು ಮಾಡಬಲ್ಲರು?

ಇದೇ ಕಾಲದಲ್ಲಿ, ೧೮೮೭ರಲ್ಲಿ, ವಿಕ್ಟೋರಿಯಾ ರಾಣಿಯ ಆಳಿಕೆಗೆ ಐವತ್ತು ವರುಷ ತುಂಬಿ ಸುವರ್ಣಮಹೋತ್ಸವವು ನಡೆಯಿತು. ಆ ದೇಶದ ಹೆಣ್ಣುಮಕ್ಕಳು ಕೂಡಿಸಿ ಒಪ್ಪಿಸಿದ ಕಾಣಿಕೆಯ ಹಣದಲ್ಲಿ ಕೆಲಭಾಗವು ರಾಣಿಯ ಪತಿಯ ಪ್ರತಿಮೆಗೆ ವೆಚ್ಚವಾಯಿತು. ಉಳಿದ ೭೦,೦೦೦ ಪೌಂಡುಗಳನ್ನು, ಬಡ ರೋಗಿಗಳ ಮನೆಗೇ ಹೋಗಿ ಶುಶ್ರೂಷೆ ಮಾಡುವ ದಾದಿಯರ ಸಂಸ್ಥೆಯೊಂದನ್ನು ಸ್ಥಾಪಿಸುವದಕ್ಕೆ ವಿನಿಯೋಗಿಸಲಾಯಿತು. ಮಹೋತ್ಸವಗಳು ಬರುವವು, ತೋರಣಗಳು ಬಾಡುವವು. ಆ ಮಹೋತ್ಸವದ ಹಣದಿಂದ ಹುಟ್ಟಿದ ಸಂಸ್ಥೆಯಾದರೋ ನೂರು ವರುಷಗಳಿಗೂ ಮಿಕ್ಕಿ ಬಾಳಿರುವದು. ಆ ಸಂಸ್ಥೆಗೆ ಸೇರಿದ ದಾದಿಯರಲ್ಲಿ ಒಬ್ಬರಾದ ಏಮಿ ಹ್ಯೂಜ್ ಎಂಬವರು ೧೮೯೨ರಲ್ಲಿ ಲಂಡನ್ನಿನ ಡ್ರೂರಿ ಲೇನ್ ಎಂಬ ಬಡವರ ಕೇರಿಯ ಶಾಲೆಯೊಂದಕ್ಕೆ ಹೋಗತೊಡಗಿದರು. ಮಕ್ಕಳ ಗಾಯಗಳನ್ನು ತೊಳೆದು ಕಟ್ಟುವದು, ಹೊಟ್ಟೆಗಿಲ್ಲದೆ ಸೊರಗಿದವರನ್ನು ಗುರುತಿಸುವದು, ಇಷ್ಟೇ ಕೆಲಸ. ಅದಕ್ಕೆ ಅಧಿಕಾರವೂ ಇರಲಿಲ್ಲ, ಪದವಿಯ ಹೆಸರೂ ಇರಲಿಲ್ಲ. ಆರು ವರುಷಗಳ ಮೇಲೆ, ೧೮೯೮ರಲ್ಲಿ, ಆನರ್ ಮಾರ್ಟನ್ ಎಂಬ ಮಹಿಳೆಯ ಪ್ರಯತ್ನದಿಂದ ಲಂಡನ್ ಶಾಲಾ ದಾದಿಯರ ಸಂಘವು ಏರ್ಪಟ್ಟು, ದಾನಿಗಳ ಹಣದಿಂದ ಈ ಸೇವೆಯು ಇನ್ನಷ್ಟು ಶಾಲೆಗಳಿಗೆ ಹಬ್ಬಿತು.

ಆದರೂ ಈ ಕಾಯಕದ ನಿಜವಾದ ಪರೀಕ್ಷೆ ನಡೆದುದು ಅಮೆರಿಕೆಯ ನ್ಯೂಯಾರ್ಕ್ ಪಟ್ಟಣದಲ್ಲಿ. ಆ ಪಟ್ಟಣದ ಪೂರ್ವದ ದಂಡೆಯ ಕೇರಿಗಳಲ್ಲಿ ಪೂರ್ವ ಯುರೋಪಿನಿಂದ ಓಡಿಬಂದ ಯಹೂದ್ಯರೂ, ಇಟಲಿಯಿಂದ ಬಂದ ಕೂಲಿಗಾರರೂ ಐದಾರು ಮಹಡಿಯ ಇಕ್ಕಟ್ಟಾದ ಮನೆಗಳಲ್ಲಿ ಕಿಕ್ಕಿರಿದು ವಾಸಿಸುತ್ತಿದ್ದರು. ಗಾಳಿ ಬೆಳಕು ಕಾಣದ ಕೋಣೆಗಳು; ಎಷ್ಟೋ ಮನೆಗಳಲ್ಲಿ ಅನೇಕ ಸಂಸಾರಗಳಿಗೆ ಒಂದೇ ನೀರಿನ ನಲ್ಲಿ. ೧೮೯೭ರಲ್ಲಿ ಪಟ್ಟಣದ ಆರೋಗ್ಯ ಇಲಾಖೆಯವರು ಶಾಲೆಗಳನ್ನು ನೋಡುವದಕ್ಕೆ ೧೫೦ ಮಂದಿ ವೈದ್ಯರನ್ನು ನೇಮಿಸಿದರು. ದಿನಕ್ಕೆ ಒಂದು ತಾಸಿನ ಕೆಲಸ, ತಿಂಗಳಿಗೆ ೩೦ ಡಾಲರು ಸಂಬಳ. ಅವರಲ್ಲಿ ಕೆಲವರು ಶಾಲೆಗೇ ಹೋಗದೆ, ರೋಗದ ಮಕ್ಕಳು ಇರುವರೋ ಎಂದು ಟೆಲಿಫೋನಿನಲ್ಲಿ ವಿಚಾರಿಸಿ ಮುಗಿಸುತ್ತಿದ್ದರೆಂದು ಅದೇ ಇಲಾಖೆಯಲ್ಲಿ ದುಡಿದ ವೈದ್ಯೆ ಜೋಸೆಫೀನ್ ಬೇಕರ್ ಅವರು ತಮ್ಮ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿರುವರು. ೧೯೦೨ರಲ್ಲಿ ಡಾಕ್ಟರ್ ಲೆಡರ್ಲೆ ಎಂಬವರು ಆರೋಗ್ಯಾಧಿಕಾರಿಗಳಾಗಿ ಬಂದ ಮೇಲೆ ತಪಾಸಣೆಯು ಬಿಗಿಯಾಯಿತು. ವೈದ್ಯರು ಪ್ರತಿಯೊಂದು ಮಗುವಿನ ರೆಪ್ಪೆಯನ್ನು ಮಗುಚಿ, ತಲೆಯನ್ನು ಬಿಡಿಸಿ ನೋಡಿದರು. ರೆಪ್ಪೆಯ ಒಳಗೆ ಗಂಟುಗಂಟಾಗಿ ಎದ್ದು ಕಡೆಗೆ ಕಣ್ಣನ್ನೇ ಕೆಡಿಸುವ ಟ್ರಕೋಮ, ಹುಳುಕಡ್ಡಿ, ಕಜ್ಜಿ, ಹೇನು, ಮೈಹುಣ್ಣುಗಳು ಎಲ್ಲೆಲ್ಲಿಯೂ ಕಂಡವು. ಕಂಡ ಮಕ್ಕಳ ಕೈಯಲ್ಲಿ ಒಂದೊಂದು ಚೀಟಿಯನ್ನು ಕೊಟ್ಟು ಮನೆಗೆ ಕಳಿಸಿದರು. ೧೯೦೨ರ ಸೆಪ್ಟೆಂಬರ್ ತಿಂಗಳೊಂದರಲ್ಲಿಯೇ ಹೀಗೆ ಶಾಲೆಯಿಂದ ಹೊರಗಾದ ಮಕ್ಕಳ ಸಂಖ್ಯೆ ೧೦,೫೬೭.

ವೈದ್ಯರು ಮಾಡಿದುದು ತಪ್ಪೆನ್ನಲಾಗದು. ಸಾಂಕ್ರಾಮಿಕ ರೋಗವನ್ನು ತರಗತಿಯಲ್ಲಿ ಬಿಟ್ಟುಕೊಳ್ಳುವದು ಸರಿಯಲ್ಲ. ಆದರೆ ಆ ಚೀಟಿಯ ಮುಂದಿನ ಪಾಡು ಏನಾಯಿತೆಂಬುದನ್ನು ವಿಚಾರಿಸಿದವರಿಲ್ಲ. ಚೀಟಿಯು ಇಂಗ್ಲಿಷಿನಲ್ಲಿತ್ತು, ತಾಯಿಗೆ ಆ ಭಾಷೆಯೇ ಬಾರದು. ಓದಿಸಿಕೊಂಡು ತಿಳಿದರೂ ರೋಗದ ಹೆಸರು ತಿಳಿದೀತೇ ಹೊರತು ಮಾಡತಕ್ಕುದೇನೆಂಬುದು ತಿಳಿಯದು. ಅದೂ ತಿಳಿದರೆ ದವಾಖಾನೆಗೆ ಹೋಗಿ ದಿನಗಟ್ಟಲೆ ಕಾಯುವದಕ್ಕೆ ಕೂಲಿಯನ್ನು ಬಿಡಬೇಕು. ಹೊರಗಾದ ಮಗುವು ಬೀದಿಯಲ್ಲಿ ಆಡಿಕೊಂಡಿರುತ್ತಿತ್ತು. ಸಂಜೆಗೆ ಶಾಲೆ ಬಿಟ್ಟೊಡನೆ ಒಳಗಿದ್ದ ಮಕ್ಕಳು ಬಂದು ಅದರ ಜೊತೆಗೇ ಆಡುತ್ತಿದ್ದರು! ರೋಗವನ್ನು ದೂರವಿಟ್ಟಂತೆಯೂ ಆಗಲಿಲ್ಲ, ಮಗುವಿಗೆ ವಿದ್ಯೆಯೂ ಉಳಿಯಲಿಲ್ಲ.

ಈ ವ್ಯಥೆಯನ್ನು ಹತ್ತು ವರುಷ ಮೊದಲೇ ಕಂಡಿದ್ದವರು ಲಿಲಿಯನ್ ವಾಲ್ಡ್ ಎಂಬ ದಾದಿ. ಆಸ್ಪತ್ರೆಯಲ್ಲಿ ಶುಶ್ರೂಷಾವಿದ್ಯೆಯನ್ನು ಕಲಿತ ಅವರು ೧೮೯೩ರಲ್ಲಿ ಮೇರಿ ಬ್ರೂಸ್ಟರ್ ಎಂಬ ಗೆಳತಿಯೊಡನೆ ಆ ಬಡವರ ಕೇರಿಯಲ್ಲಿಯೇ ಜೆಫರ್ಸನ್ ಬೀದಿಯ ಮನೆಯೊಂದರ ಐದನೆಯ ಮಹಡಿಯಲ್ಲಿ ಬಿಡಾರ ಮಾಡಿದರು. ಮುಂದೆ ೧೮೯೫ರಲ್ಲಿ ಹೆನ್ರಿ ಬೀದಿಯ ಮನೆಯು ಅವರ ಸೇವಾಕೇಂದ್ರವಾಯಿತು. ಕೇರಿಗೆ ಬಂದ ಹೊಸತರಲ್ಲಿ ಅವರು ಕಂಡ ಒಂದು ಸಂಗತಿಯನ್ನು ೧೯೧೫ರಲ್ಲಿ ಬರೆದ ತಮ್ಮ ಗ್ರಂಥದಲ್ಲಿ ನಿರೂಪಿಸಿರುವರು. ಹಿತ್ತಲ ಮನೆಯೊಂದರಲ್ಲಿ ಒಬ್ಬ ತಾಯಿಯು ಅಳುವ ಕೂಸನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಗೈಯಿಂದ ಕಟುಕರ ಬಟ್ಟೆಗಳನ್ನು ತಿಕ್ಕುತ್ತಿದ್ದಳು. ಹನ್ನೆರಡು ವರುಷದ ಮಗನು ತಲೆತಗ್ಗಿಸಿ ಪಕ್ಕದಲ್ಲಿ ನಿಂತಿದ್ದನು. ಅವನ ತಲೆಯಲ್ಲಿ ಮಾಯದ ಹುಣ್ಣು. ದವಾಖಾನೆಗೆ ಎಷ್ಟೋ ಸಲ ಹೋಗಿದ್ದನು, ಮುಲಾಮೂ ದೊರೆತಿತ್ತು. ಆದರೆ ಶಾಲೆಗೆ ಹೋದಾಗಲೆಲ್ಲ ಉಪಾಧ್ಯಾಯಿನಿಯು ಮನೆಗೆ ಹೋಗೆನ್ನುವಳು. ಬೀದಿಯ ಹೆಸರನ್ನು ಓದುವದಕ್ಕೂ ಬಾರದ ತನ್ನ ಸ್ಥಿತಿಗೆ ಆ ಹುಡುಗನು ನಾಚಿಕೊಂಡಿದ್ದನು. ವಾಲ್ಡರು ಮಾಡಿದುದಿಷ್ಟೇ: ದವಾಖಾನೆಯವರು ಕೊಟ್ಟಿದ್ದ ಆ ಮುಲಾಮನ್ನೇ ಹಚ್ಚಬೇಕಾದ ರೀತಿಯಲ್ಲಿ ಹಚ್ಚಿದರು. ಹುಣ್ಣು ಮಾಯಿತು. ಸೆಪ್ಟೆಂಬರಿನಲ್ಲಿ ಹುಡುಗನು ಜನ್ಮದಲ್ಲಿ ಮೊದಲ ಸಲ ಶಾಲೆಯೊಳಗೆ ಕುಳಿತನು. ಮರುದಿನ ನಡುಹಗಲ ಬಿಡುವಿನಲ್ಲಿ ಅವನು ಐದು ಮಹಡಿಗಳ ಮೆಟ್ಟಲುಗಳನ್ನು ಓಡೋಡಿ ಹತ್ತಿ ಬಂದು, ಅಂದು ಮುಂಜಾನೆ ಕಲಿತ ಮಾತುಗಳ ಅಕ್ಷರಗಳನ್ನು ವಾಲ್ಡರ ಎದುರಿಗೆ ಒಪ್ಪಿಸಿದನು.

ಶಾಲೆಯ ದಾದಿಯ ಕಾಯಕವೆಲ್ಲವೂ ಈ ಒಂದು ಸಂಗತಿಯಲ್ಲಿ ಅಡಗಿರುವದು. ಹುಡುಗನಿಗೆ ವೈದ್ಯರು ಇಲ್ಲದೆ ಇರಲಿಲ್ಲ. ಮದ್ದು ಇಲ್ಲದೆ ಇರಲಿಲ್ಲ. ಶಾಲೆಯೂ ಇಲ್ಲದೆ ಇರಲಿಲ್ಲ. ಈ ಮೂರನ್ನೂ ಕೂಡಿಸುವ ಕೈ ಒಂದು ಇರಲಿಲ್ಲ.

೧೯೦೨ರಲ್ಲಿ ಸಾವಿರಾರು ಮಕ್ಕಳು ಹೊರಗಾದುದನ್ನು ಕಂಡು ವಾಲ್ಡರು ಪಟ್ಟಣದ ಅಧಿಕಾರಿಗಳ ಬಳಿಗೆ ಹೋಗಿ ಒಂದು ತಿಂಗಳ ಮಟ್ಟಿಗೆ ತಮ್ಮ ದಾದಿಯೊಬ್ಬರನ್ನು ಕೊಡುವದಾಗಿ ಹೇಳಿದರು. ಪಟ್ಟಣಕ್ಕೆ ಕಾಸಿನ ಖರ್ಚಿಲ್ಲ. ಆದರೆ ಒಂದು ಕರಾರನ್ನು ಮೊದಲೇ ಮಾಡಿಕೊಂಡರು: ಪ್ರಯೋಗವು ಸಫಲವಾದರೆ ವೈದ್ಯರಂತೆಯೇ ದಾದಿಗೂ ಸಾರ್ವಜನಿಕ ಬೊಕ್ಕಸದಿಂದ ಸಂಬಳ ಸಲ್ಲಬೇಕು, ಅದಕ್ಕಾಗಿ ಅಧಿಕಾರಿಗಳು ಯತ್ನಿಸಬೇಕು. ದಾನವು ಎಲ್ಲಿಯವರೆಗೆ ನಡೆಯಬೇಕು, ಹಕ್ಕು ಎಲ್ಲಿಂದ ಪ್ರಾರಂಭವಾಗಬೇಕು ಎಂಬ ವಿವೇಕವು ಆ ತಾಯಿಗೆ ಇದ್ದಿತು. ಆರಿಸಿದ ದಾದಿಯ ಹೆಸರು ಲೀನಾ ರಾಜರ್ಸ್. ಕೆನಡಾ ದೇಶದವರು, ಟೊರಾಂಟೊ ಪಟ್ಟಣದ ಮಕ್ಕಳ ಆಸ್ಪತ್ರೆಯಲ್ಲಿ ಶಿಕ್ಷಣ ಪಡೆದವರು. ಅತ್ಯಂತ ಹೆಚ್ಚು ಮಕ್ಕಳು ಹೊರಗಾಗುತ್ತಿದ್ದ ನಾಲ್ಕು ಶಾಲೆಗಳನ್ನೇ ಬೇಕೆಂದು ಆರಿಸಿದರು. ಆ ನಾಲ್ಕರಲ್ಲಿ ಸುಮಾರು ೧೦,೦೦೦ ಮಕ್ಕಳು. ಅಕ್ಟೋಬರ್ ೧ರಂದು ಕೆಲಸವು ಮೊದಲಾಯಿತು.

ಆ ಕೆಲಸದ ಬಗೆಯನ್ನು ತುಸು ವಿವರವಾಗಿ ತಿಳಿಯುವದು ಯೋಗ್ಯ. ದಾದಿಯು ದಿನವೂ ಶಾಲೆಯಿಂದ ಶಾಲೆಗೆ ಹೋಗಿ, ವೈದ್ಯರು ಗುರುತಿಸಿದ ಮಕ್ಕಳನ್ನು ಕರೆಯಿಸಿಕೊಳ್ಳುವರು. ಕೆಂಗಣ್ಣಿಗೆ ಬೋರಿಕ್ ಆಮ್ಲದ ನೀರಿನಿಂದ ತೊಳೆಯುವದು. ಕಜ್ಜಿಗೆ ಸಾಬೂನಿನಿಂದ ಚೆನ್ನಾಗಿ ಉಜ್ಜಿ ಗಂಧಕದ ಮುಲಾಮು. ಹೇನಿಗೆ ಸೀಮೆಯೆಣ್ಣೆಯನ್ನೂ ಆಲಿವ್ ಎಣ್ಣೆಯನ್ನೂ ಸಮವಾಗಿ ಬೆರೆಸಿ ತಲೆಗೆ ಹಚ್ಚಿಸಿ ಮರುದಿನ ತೊಳೆಯಿಸುವದು. ಸೀಮೆಯೆಣ್ಣೆಯ ಈ ಕ್ರಮವು ಆ ಕಾಲದ್ದು; ಅದು ಬೆಂಕಿ ಹತ್ತುವ ಅಪಾಯದ ವಸ್ತುವಾದ ಕಾರಣ ಇಂದಿನ ವೈದ್ಯರು ಅದನ್ನು ಒಪ್ಪುವದಿಲ್ಲವೆಂಬುದನ್ನು ಓದುವವರು ಮರೆಯಬಾರದು. ಮದ್ದು ಹಚ್ಚಿಸಿಕೊಂಡ ಮಗುವು ಮನೆಗಲ್ಲ, ನೆಟ್ಟಗೆ ತನ್ನ ತರಗತಿಗೆ ಹೋಗಿ ಕುಳಿತುಕೊಳ್ಳುವದು. ನಿಜವಾಗಿ ಅಪಾಯಕರವಾದ ರೋಗವಿದ್ದವರು ಮಾತ್ರ ಹೊರಗೆ.

ಶಾಲೆಯ ಕೆಲಸವು ಮುಗಿಯಿತೆಂದರೆ ಮನೆಗಳ ಕೆಲಸ. ಹೊರಗಾದ ಮಗುವಿನ ಮನೆಯನ್ನು ಹುಡುಕಿಕೊಂಡು ಕತ್ತಲೆಯ ಮೆಟ್ಟಲುಗಳನ್ನು ಹತ್ತಿ, ತಾಯಿಯ ಎದುರಿಗೆ ಕುಳಿತು, ಮುಲಾಮನ್ನು ಹೀಗೆ ಹಚ್ಚು, ಬಟ್ಟೆಯನ್ನು ಹೀಗೆ ಕುದಿಸು ಎಂದು ಕೈಯಿಂದಲೇ ಮಾಡಿ ತೋರಿಸುವದು. ದವಾಖಾನೆಗೆ ಕಳಿಸಬೇಕಾದವರನ್ನು ಕಳಿಸುವದು, ಕರೆದೊಯ್ಯುವವರು ಇಲ್ಲದಿದ್ದರೆ ತಾವೇ ಕರೆದೊಯ್ಯುವದು. ಆ ಮೊದಲ ತಿಂಗಳಿನಲ್ಲಿ ರಾಜರ್ಸರು ಹೀಗೆ ೧೩೭ ಮನೆಗಳಿಗೆ ಎಡತಾಕಿದರು. ವೈದ್ಯರ ಚೀಟಿಯು ಹೇಳಲಾರದೆ ಹೋದುದನ್ನು ದಾದಿಯ ಕಾಲುಗಳು ಹೇಳಿದವು.

ತಿಂಗಳು ತುಂಬುವದರೊಳಗಾಗಿ ಅಧಿಕಾರಿಗಳಿಗೆ ನಂಬಿಕೆಯು ಬಂದಿತು. ಪಟ್ಟಣದ ಹಣಕಾಸಿನ ಮಂಡಲಿಯು ದಾದಿಯರ ನೇಮಕಕ್ಕೆಂದು ೩೦,೦೦೦ ಡಾಲರುಗಳನ್ನು ಮಂಜೂರು ಮಾಡಿತು. ವಾಲ್ಡರ ಕರಾರು ಈಡೇರಿತು. ಇನ್ನಷ್ಟು ದಾದಿಯರು ಸೇರಿದರು, ರಾಜರ್ಸರೇ ಅವರ ಮೇಲ್ವಿಚಾರಕರಾದರು. ಒಂದು ವರುಷ ಕಳೆದು ೧೯೦೩ರ ಸೆಪ್ಟೆಂಬರ್ ಬಂದಾಗ ಲೆಕ್ಕ ತೆಗೆದು ನೋಡಿದರೆ ಶಾಲೆಯಿಂದ ಹೊರಗಾದ ಮಕ್ಕಳು ೧,೧೦೧ ಮಾತ್ರ. ಹಿಂದಿನ ವರುಷದ ಹತ್ತು ಸಾವಿರದ ಐನೂರು ಎಲ್ಲಿ, ಇದೆಲ್ಲಿ! ರೋಗಗಳೇನೂ ಆ ಒಂದು ವರುಷದಲ್ಲಿ ಊರನ್ನು ಬಿಟ್ಟು ಹೋಗಿರಲಿಲ್ಲ. ಕೇರಿಯ ಬಡತನವೂ ಕಡಿಮೆಯಾಗಿರಲಿಲ್ಲ. ಹೊಸ ಔಷಧವು ಯಾವುದೂ ಬಂದಿರಲಿಲ್ಲ.

ಈ ಕಾಯಕದ ಫಲವು ಎಂಥದು ಎಂಬುದಕ್ಕೂ ಆ ಲೆಕ್ಕವೇ ಉತ್ತರ. ಶಸ್ತ್ರವೈದ್ಯನು ಸಾಯುವವನನ್ನು ಬದುಕಿಸಿದರೆ ಊರೆಲ್ಲ ಕೊಂಡಾಡುವದು. ಕಜ್ಜಿ ಮಾಯಿಸಿದವರನ್ನು ಯಾರು ಕೊಂಡಾಡುವರು? ಮಾಯ್ದ ಮೇಲೆ ಮಗುವಿಗೇ ಅದರ ನೆನಪಿರುವದಿಲ್ಲ. ನಿನ್ನ ಮಗಳ ತಲೆಯಲ್ಲಿ ಹೇನಿವೆ ಎಂದು ಹೇಳಬಂದವರಿಗೆ ಮೊದಲ ದಿನ ದೊರೆಯುವದು ಹೆಚ್ಚಾಗಿ ಬೈಗುಳವೇ. ದಾದಿಗೆ ಉಳಿಯುವ ಗಳಿಕೆಯೆಂದರೆ ಬರಿದಾಗಿದ್ದ ಮಣೆಯ ಮೇಲೆ ಮತ್ತೆ ಕುಳಿತ ಮಗು. ಆಯ್ದಕ್ಕಿ ಲಕ್ಕಮ್ಮನು ಗಂಡನು ಅಂದಿನ ಅಗತ್ಯಕ್ಕೆ ಮೀರಿ ಆಯ್ದು ತಂದ ಅಕ್ಕಿಯನ್ನು ಮರಳಿ ಚೆಲ್ಲಿಬರುವದಕ್ಕೆ ಕಳಿಸಿದಳೆಂಬ ಚರಿತ್ರೆಯನ್ನು ಬಲ್ಲವರಿಗೆ ಈ ಗಳಿಕೆಯು ಅಲ್ಪವೆನಿಸದು. ಹಾಗೆಂದು ಸಂಬಳವಿಲ್ಲದೆ ದುಡಿಸುವದು ಸಲ್ಲದು. ಲಕ್ಕಮ್ಮನು ಬೇಡವೆಂದುದು ಹೆಚ್ಚಿನ ಅಕ್ಕಿಯನ್ನೇ ಹೊರತು ಅಂದಂದಿನ ಅಕ್ಕಿಯನ್ನಲ್ಲ. ಸೇವೆಯೆಂಬ ಹೆಸರಿನಲ್ಲಿ ದಾದಿಯರ ಕೂಲಿಯನ್ನು ಹಿಡಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಮನೆಯವರ ನಂಬಿಕೆಯಿಲ್ಲದೆ ಶಾಲೆಯಲ್ಲಿ ವೈದ್ಯವು ನಡೆಯಲಾರದೆಂಬುದಕ್ಕೆ ಅದೇ ಪಟ್ಟಣದಲ್ಲಿ ಇನ್ನೊಂದು ನಿದರ್ಶನವು ದೊರೆಯಿತು. ೧೯೦೬ರ ಜೂನ್ ತಿಂಗಳಿನಲ್ಲಿ, ಮೂಗಿನ ಹಿಂದೆ ಬೆಳೆದು ಉಸಿರಾಟಕ್ಕೆ ಅಡ್ಡಬರುವ ದುರ್ಮಾಂಸವನ್ನು ಮಕ್ಕಳಿಗೆ ಶಾಲೆಯಲ್ಲಿಯೇ ಶಸ್ತ್ರಕ್ರಿಯೆಯಿಂದ ತೆಗೆಯಿಸಿದರು. ಕೆಲಸವು ಒಳ್ಳೆಯದೇ. ಆದರೆ ವೈದ್ಯರು ಮಕ್ಕಳ ಗಂಟಲು ಕೊಯ್ಯುತ್ತಿರುವರೆಂಬ ಸುದ್ದಿಯು ಕೇರಿಯಲ್ಲಿ ಹಬ್ಬಿ, ಸಾವಿರಾರು ತಾಯಂದಿರು ಶಾಲೆಗಳಿಗೆ ಮುತ್ತಿಗೆ ಹಾಕಿದರು, ಕಲ್ಲುಗಳು ತೂರಿಬಂದವು. ತಮ್ಮ ದೇಶದಲ್ಲಿ ಯಹೂದ್ಯರ ಕಗ್ಗೊಲೆಗಳನ್ನು ಕಂಡು ಬಂದಿದ್ದ ಆ ತಾಯಂದಿರನ್ನು ಮೂಢರೆಂದು ನಗುವದು ಸುಲಭ. ಅವರಿಗೆ ಅವರ ಮಾತಿನಲ್ಲಿ, ಅವರ ಮನೆಯಲ್ಲಿ, ಮುಂಚಿತವಾಗಿ ತಿಳಿಯಹೇಳಿದ್ದು ಸಾಲದೆ ಹೋಯಿತು.

ಇತ್ತ ಇಂಗ್ಲಂಡಿನಲ್ಲಿ ೧೯೦೪ರ ಹೊತ್ತಿಗೆ ಲಂಡನ್ನಿನ ಶಾಲೆಗಳ ದಾದಿಯರ ಭಾರವನ್ನು ಪಟ್ಟಣದ ಆಡಳಿತವೇ ವಹಿಸಿಕೊಂಡಿತು. ೧೯೦೬ರಲ್ಲಿ ಶಾಲೆಯ ಮಕ್ಕಳ ಊಟಕ್ಕೂ, ೧೯೦೭ರಲ್ಲಿ ವೈದ್ಯಪರೀಕ್ಷೆಗೂ ಶಾಸನಗಳಾದವು. ಪರೀಕ್ಷೆ ಮಾಡಿ ರೋಗದ ಪಟ್ಟಿ ಬರೆದಿಟ್ಟರೆ ಸಾಲದು, ಚಿಕಿತ್ಸೆಯೂ ಬೇಕೆಂದು ಹಟ ಹಿಡಿದವರು ಮಾರ್ಗರೆಟ್ ಮತ್ತು ರೇಚಲ್ ಮ್ಯಾಕ್‌ಮಿಲನ್ ಎಂಬ ಅಕ್ಕತಂಗಿಯರು. ೧೯೧೦ರಲ್ಲಿ ಡೆಟ್‌ಫರ್ಡ್ ಎಂಬಲ್ಲಿ ಮಕ್ಕಳ ಚಿಕಿತ್ಸಾಲಯವನ್ನು ನಡೆಯಿಸಿದರು. ಅದೇ ವರುಷ ರಾಜರ್ಸರು ತಾಯ್ನಾಡಿಗೆ ಮರಳಿ ಟೊರಾಂಟೊ ಶಾಲೆಗಳ ದಾದಿಯರ ಮುಖ್ಯಸ್ಥರಾದರು. ೧೯೧೭ರಲ್ಲಿ ಈ ಕಾಯಕದ ಕುರಿತು ಗ್ರಂಥವೊಂದನ್ನು ಬರೆದು ತಮ್ಮ ಅನುಭವವನ್ನು ಮುಂದಿನವರಿಗೆ ಬಿಟ್ಟರು.

೧೯೧೮ರ ಮಹಾಜ್ವರದ ಕಾಲಕ್ಕೆ ನ್ಯೂಯಾರ್ಕಿನಲ್ಲಿ ವಿಲಕ್ಷಣವಾದ ನಿರ್ಣಯವೊಂದು ನಡೆಯಿತು. ಭರತಖಂಡದಲ್ಲಿ ಕೋಟಿಗೂ ಮಿಕ್ಕಿದ ಜನರನ್ನು ನುಂಗಿದ ಆ ಇನ್‌ಫ್ಲುಯೆಂಜಾ ಜ್ವರಕ್ಕೆ ಹೆದರಿ ಅಮೆರಿಕೆಯ ಬಹುತೇಕ ಪಟ್ಟಣಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕಿನ ಆರೋಗ್ಯಾಧಿಕಾರಿ ಕೋಪ್‌ಲ್ಯಾಂಡರೂ, ಶಿಶು ಆರೋಗ್ಯ ವಿಭಾಗದ ಮುಖ್ಯಸ್ಥರಾಗಿದ್ದ ಬೇಕರ್ ಅವರೂ ಶಾಲೆಗಳನ್ನು ತೆರೆದೇ ಇಡಿಸಿದರು. ಮಕ್ಕಳು ಇಕ್ಕಟ್ಟಾದ ಮನೆಯಲ್ಲಿ ಇರುವದಕ್ಕಿಂತ, ದಿನವೂ ನೋಡುವ ಕಣ್ಣುಗಳಿರುವ ಶಾಲೆಯಲ್ಲಿ ಇರುವದೇ ಸುರಕ್ಷಿತವೆಂಬುದು ಅವರ ವಾದವಾಗಿತ್ತು. ರೋಗದ ಕುರುಹು ಕಂಡ ಮಗುವನ್ನು ಒಡನೆ ಬೇರ್ಪಡಿಸುವರು, ಮನೆಯವರಿಗೆ ತಿಳಿಸುವರು. ಆ ನಿರ್ಣಯದ ಬಗ್ಗೆ ಅಂದೂ ಭಿನ್ನಾಭಿಪ್ರಾಯವಿತ್ತು. ಆದರೆ ಹದಿನಾರು ವರುಷಗಳ ಹಿಂದೆ ರೋಗಕ್ಕಂಜಿ ಮಕ್ಕಳನ್ನು ಶಾಲೆಯಿಂದ ಹೊರಗಟ್ಟಿದ ಪಟ್ಟಣವೇ ರೋಗಕ್ಕಂಜಿ ಮಕ್ಕಳನ್ನು ಶಾಲೆಗೆ ಕರೆಯಿತೆಂಬುದು ಸಾಮಾನ್ಯವಾದ ಬದಲಾವಣೆಯಲ್ಲ.

ಭರತಖಂಡದಲ್ಲಿ ಶಾಲೆಯ ಮಕ್ಕಳ ವೈದ್ಯಪರೀಕ್ಷೆಯು ಮೊದಲಾದುದು ೧೯೦೯ರಲ್ಲಿ, ಬಡೋದೆ ಪಟ್ಟಣದಲ್ಲಿ. ಕಡ್ಡಾಯ ಶಿಕ್ಷಣಕ್ಕೆ ಹೆಸರಾದ ಸಯಾಜಿರಾವ್ ಮಹಾರಾಜರ ರಾಜ್ಯದಲ್ಲಿ ಅದು ಸಹಜವೇ ಆಗಿತ್ತು. ಆದರೆ ೧೯೪೬ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯವರು ಶಾಲಾ ಆರೋಗ್ಯಸೇವೆಯೆಂಬುದು ಈ ದೇಶದಲ್ಲಿ ಇಲ್ಲವೆಂಬಷ್ಟು ಕಡಿಮೆಯಾಗಿದೆಯೆಂದು ಕಂಡರು. ಸ್ವಾತಂತ್ರ್ಯಾನಂತರ ೧೯೬೦ರಲ್ಲಿ ರೇಣುಕಾ ರಾಯರ ಅಧ್ಯಕ್ಷತೆಯಲ್ಲಿ ಇದಕ್ಕಾಗಿಯೇ ಸಮಿತಿಯಾಯಿತು. ೨೦೧೩ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವು ಸರಕಾರಿ ಶಾಲೆಗಳಿಗೆ ವರುಷಕ್ಕೊಮ್ಮೆ ಬಂದು ಮಕ್ಕಳನ್ನು ನೋಡಬೇಕೆಂಬ ನಿಯಮವಿರುವದು.

ವರುಷಕ್ಕೊಮ್ಮೆ ಬರುವ ತಂಡವು ಹೃದಯದ ದೋಷವನ್ನು, ದೃಷ್ಟಿಯ ದೋಷವನ್ನು ಕಂಡುಹಿಡಿದೀತು. ಅದು ದೊಡ್ಡ ಉಪಕಾರವೇ. ಕಜ್ಜಿಯ ಮಾತು ಬೇರೆ. ನೂರು ಮಕ್ಕಳು ಒಟ್ಟಿಗೆ ಮಲಗುವ ನಿಲಯದಲ್ಲಿ ಒಬ್ಬನಿಗೆ ಮಾತ್ರ ಮುಲಾಮು ಹಚ್ಚಿದರೆ ಪಕ್ಕದವನಿಂದ ಅವನಿಗೆ ಮತ್ತೆ ಬರುವದು. ತುರಿಕೆ ಇದ್ದವರಿಗೂ, ಜೊತೆಗೆ ಮಲಗುವ ತುರಿಕೆ ಇಲ್ಲದವರಿಗೂ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿಯನ್ನೂ ಬಿಡದೆ ಹಚ್ಚಿಸಬೇಕು. ಮರುದಿನ ಹಾಸಿಗೆ ಹೊದಿಕೆ ಅಂಗಿಗಳನ್ನೆಲ್ಲ ಬಿಸಿನೀರಿನಲ್ಲಿ ತೊಳೆಯಿಸಿ ಬಿಸಿಲಿಗೆ ಹರವಬೇಕು. ವಾರ ಕಳೆದ ಮೇಲೆ ವೈದ್ಯರು ಹೇಳಿದಂತೆ ಇನ್ನೊಮ್ಮೆ ಹಚ್ಚಿಸಬೇಕು. ಇಷ್ಟನ್ನು ನಿಂತು ಮಾಡಿಸುವವರು, ರಜೆಗೆ ಊರಿಗೆ ಹೋಗುವ ಹುಡುಗನ ತಾಯಿಗೆ ತಿಳಿಯುವಂತೆ ಹೇಳಿ ಕಳಿಸುವವರು, ಅವನು ಮರಳಿ ಬಂದ ದಿನ ಅವನ ಬೆರಳುಗಳನ್ನು ಬಿಡಿಸಿ ನೋಡುವವರು ಒಬ್ಬರು ಬೇಕು. ಎಷ್ಟೋ ಪ್ರಸಾದನಿಲಯಗಳಲ್ಲಿ ಆ ಕೆಲಸವು ಇಂದಿಗೂ ಅಡಿಗೆಯವರ, ಇಲ್ಲವೆ ದೊಡ್ಡ ತರಗತಿಯ ಹುಡುಗರ ಪಾಲಿಗೆ ಬರುತ್ತಿರುವದು. ಬಲ್ಲಷ್ಟನ್ನು ಅವರು ಮಾಡುತ್ತಲೂ ಇರುವರು.